ಜಾಂಬೊವಾಂಗಾ ಊರಿಗೆ ಹೋಗಬಹುದಾ? ಗೊತ್ತಿದ್ದವರು ದಯವಿಟ್ಟು ಹೇಳಿ

ಪೊನ್ನಂಪೇಟೆ ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ದುಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದೇನೆ. ಈಗ ರಜೆಗೆ ಊರಿಗೆ ಬಂದಿದ್ದೇನೆ. ಅಲ್ಲಿ ನನ್ನ ರೂಮ್‌ಮೇಟ್ ಫಿಲಿಪ್ಪೀನ್ಸ್‌ನವಳು. ಅವಳ ಊರು ಜಾಂಬೊವಾಂಗಾ. ದೇಶದ ದಕ್ಷಿಣದಲ್ಲಿ, ಮಿಂಡನಾವೋ ದ್ವೀಪದ ಪಶ್ಚಿಮದ ತುದಿ. ಅಕ್ಟೋಬರ್ ಎರಡನೇ ವಾರ ಅವಳ ಮದುವೆ. ಅದೇ ಹೊತ್ತಿಗೆ ಊರ ಹಬ್ಬವೂ ಇದೆಯಂತೆ. ಬರಲೇಬೇಕು ಅಂತ ಹಠ ಹಿಡಿದಿದ್ದಾಳೆ.

ಅಮ್ಮನಿಗೆ ಹೇಳಿದೆ. ಅಮ್ಮ ಮೊಬೈಲ್‌ನಲ್ಲಿ ಊರಿನ ಹೆಸರು ಹುಡುಕಿದ್ದಾರೆ. ಬಂದದ್ದೆಲ್ಲ ಬಂದೂಕು, ಬಾಂಬು, ಅಪಹರಣ. ಕೈಲ್ ಮುಹೂರ್ತಕ್ಕೆ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ಮನೆ ನಮ್ಮದು. ಆದರೂ ಅಮ್ಮ ಹೆದರಿ ಕೂತಿದ್ದಾರೆ. ಜೊತೆಗೆ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಅವರ ಪಕ್ಕದಲ್ಲಿ ನಿಂತಿರಬೇಕು ಅಂತ ಷರತ್ತು ಬೇರೆ.

ನನಗೆ ಬೇಕಾದದ್ದು ಇಷ್ಟೇ. ಈ ಊರು ನಿಜವಾಗಿ ಎಂಥದ್ದು? ಗೆಳತಿ ಮಾತಾಡುವುದು ಕೇಳಿದರೆ ಸ್ಪ್ಯಾನಿಷ್ ಥರ ಇರುತ್ತದೆ. ಅದು ಅಲ್ಲಿಗೆ ಹೇಗೆ ಬಂತು? ನಾಲ್ಕೈದು ದಿನ ಸಿಕ್ಕರೆ ಏನು ನೋಡಬೇಕು? ಅಲ್ಲಿಗೆ ಹೋಗಿ ಬಂದವರು ಯಾರಾದರೂ ಇದ್ದೀರಾ?

ಗೋಣಿಕೊಪ್ಪ ಪ್ಲಾಂಟರ್:

ನಾನು ಮನಿಲಾಕ್ಕೆ ಹೋಗಿದ್ದೇನೆ. ಮಿಂಡನಾವೋ ಕಡೆ ಹೋಗ್ತೀನಿ ಅಂದಿದ್ದಕ್ಕೆ ಹೋಟೆಲಿನವರೇ ಬೇಡ ಅಂದರು. ಅಮ್ಮ ಹೇಳುವುದರಲ್ಲಿ ಏನೋ ಇದೆ. ಸುಮ್ನೆ ರಿಸ್ಕ್ ಯಾಕೆ? ಮದುವೆಗೆ ಒಂದು ಒಳ್ಳೇ ಉಡುಗೊರೆ ಕಳಿಸಿ, ಮುಗೀತು.

ಹಳೇ ಎಂಜಿನ್ ರೂಮ್ (ಸೋಮವಾರಪೇಟೆ):

ಪ್ಲಾಂಟರ್ ಅವರೇ, ಮನಿಲಾದ ಹೋಟೆಲಿನವರನ್ನು ಕೇಳಿ ಜಾಂಬೊವಾಂಗಾ ಬಗ್ಗೆ ತೀರ್ಮಾನ ಮಾಡಬೇಡಿ. ಮನಿಲಾದ ಎಷ್ಟೋ ಜನ ಆ ಊರು ನೋಡೇ ಇಲ್ಲ. ಅಪಾಯದ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದನ್ನು ಮುಚ್ಚಿಡುವುದಿಲ್ಲ.

ನಾನು ಬದುಕಿನ ಅರ್ಧ ಭಾಗ ಹಡಗಿನ ಎಂಜಿನ್ ರೂಮ್‌ನಲ್ಲಿ ಕಳೆದವನು. ಈಗ ಕಾಫಿ, ಒಳ್ಳೆಮೆಣಸು, ಒಂದು ನಾಯಿ. ಯಾವ ಹಡಗು ಹತ್ತಿದರೂ ಫಿಲಿಪ್ಪೀನ್ಸ್‌ನ ಹುಡುಗರು ಇದ್ದೇ ಇರುತ್ತಾರೆ. ನಮ್ಮ ಜೊತೆ ಇದ್ದ ಒಬ್ಬ ಫಿಟ್ಟರ್ ಜಾಂಬೊವಾಂಗಾದವನು. ಮನಿಲಾದಲ್ಲಿ ಸೈನ್ ಆಫ್ ಆದಾಗ, ಅಂದರೆ ಹಡಗಿನ ಕೆಲಸ ಮುಗಿಸಿ ಇಳಿದಾಗ, ಅವನ ಜೊತೆ ಅವನ ಮನೆಗೇ ಹೋಗಿ ಉಳಿದುಕೊಂಡೆ. ಆಮೇಲೆಯೂ ಹೋಗಿದ್ದೇನೆ.

ವಿಮಾನ ನಿಲ್ದಾಣದಿಂದ ಹೊರಗೆ ಬಂದ ಕೂಡಲೇ 'ಏಷ್ಯಾದ ಲ್ಯಾಟಿನ್ ನಗರ' ಅಂತ ಊರಿನ ಬಗ್ಗೆ ಹೇಳಲು ಶುರು ಮಾಡುತ್ತಾರೆ. ಇದು ಅಲ್ಲಿನ ಪ್ರವಾಸೋದ್ಯಮದವರ ಮಾತು. ನನಗೆ ಹಿಡಿಸಲಿಲ್ಲ. ಅದನ್ನೇ ನಂಬಿಕೊಂಡು ತಿರುಗಿದರೆ ಚರ್ಚು, ಕೋಟೆ, ಪ್ಲಾಜಾ ಅಂತ ಅರ್ಧ ಊರು ನೋಡಿ ವಾಪಸ್ ಬರುತ್ತೀರಿ. ಇನ್ನರ್ಧ ಊರು ಸಮುದ್ರದ ಕಡೆಯಿಂದ ಬಂದದ್ದು. ಹಾಗಾಗಿ ಮೊದಲ ದಿನ ಕೋಟೆಗೆ ಹೋಗಬೇಡಿ. ಬೆಳಿಗ್ಗೆ ಬೇಗ ಎದ್ದು ಬಂದರಿಗೆ ಹೋಗಿ.

ಮ್ಯಾಪ್ ತೆಗೆದು ನೋಡಿ. ಮಿಂಡನಾವೋದಿಂದ ಒಂದು ಉದ್ದನೆಯ ಪರ್ಯಾಯ ದ್ವೀಪ ಪಶ್ಚಿಮಕ್ಕೆ ಚಾಚಿ ದಕ್ಷಿಣಕ್ಕೆ ಬಾಗಿದೆ. ಅದರ ತುತ್ತತುದಿಯಲ್ಲಿ ಈ ಊರು. ಎದುರಿಗೆ ಕಿರಿದಾದ ಜಲಸಂಧಿ, ಅದರಾಚೆ ಬಸಿಲಾನ್ ದ್ವೀಪ. ಅದರಾಚೆ ಸುಲು ದ್ವೀಪಗಳು, ಆಮೇಲೆ ತಾವಿ ತಾವಿ, ಆಮೇಲೆ ಬೋರ್ನಿಯೋ. ಒಂದು ಕಡೆ ಸುಲು ಸಮುದ್ರ, ಇನ್ನೊಂದು ಕಡೆ ಮೋರೋ ಕೊಲ್ಲಿ. ಈ ದ್ವೀಪಗಳ ಸಾಲಿನಲ್ಲಿ ಓಡಾಡುವ ದೋಣಿಗಳಿಗೆಲ್ಲ ಈ ಮೂಲೆಯೇ ತಂಗುವ ಜಾಗ. ಕೋಟೆ ಕಟ್ಟುವುದಕ್ಕೆ ಎಷ್ಟೋ ಮುಂಚೆಯೇ ಜನ ಇಲ್ಲಿ ದೋಣಿ ಕಟ್ಟುತ್ತಿದ್ದರು.

ಬಸಿಲಾನ್‌ನಿಂದ ಬೆಳಗಿನ ದೋಣಿ ಬಂದಾಗ ಕಟ್ಟೆಯ ಮೇಲೆ ಸುಮ್ಮನೆ ನಿಂತು ನೋಡಿ. ಮೊದಲು ಬರುವುದು ವಾಸನೆ. ಕೊಬ್ಬರಿ ಮೂಟೆಗಳ ಕಮಟು ಸಿಹಿ, ಅದರ ಜೊತೆ ರಬ್ಬರ್ ಶೀಟಿನ ಹೊಗೆ. ನಮ್ಮ ಸಂಪಾಜೆ ಕಡೆಯವರಿಗೆ ಈ ಎರಡನೇ ವಾಸನೆ ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಹಣ್ಣಿನ ಬುಟ್ಟಿಗಳು, ಕಾಲು ಕಟ್ಟಿದ ಕೋಳಿಗಳು, ತಲೆಗೆ ಬಟ್ಟೆ ಹೊದ್ದ ಹೆಂಗಸರು, ಕ್ರೈಸ್ತ ಸನ್ಯಾಸಿನಿಯರು, ರಜೆ ಮುಗಿಸಿ ಬರುವ ಸೈನಿಕರು. ನಾನು ಎಂಜಿನ್‌ನವನು, ನನ್ನ ಕಣ್ಣು ಹೋದದ್ದು ದೋಣಿಗಳ ಹೊಟ್ಟೆಗೆ. ಎರಡೂ ಬದಿಗೆ ಬಿದಿರಿನ ತೋಳು ಕಟ್ಟಿದ ದೋಣಿ. ಒಳಗೆ ಜಪಾನ್‌ನಿಂದ ಬಂದ ಹಳೇ ಲಾರಿಯ ಡೀಸೆಲ್ ಎಂಜಿನ್ ಕೂರಿಸಿರುತ್ತಾರೆ. ರೇಡಿಯೇಟರ್ ಇಲ್ಲ, ಸಮುದ್ರದ ಉಪ್ಪು ನೀರನ್ನೇ ಪೈಪಿನಲ್ಲಿ ಎಳೆದು ತಣಿಸುವುದು. ಸೈಲೆನ್ಸರ್ ಅಂತೂ ಕೇಳಲೇಬೇಡಿ. ಗೇರ್‌ಬಾಕ್ಸಿನ ಮೇಲೆ ಅಡುಗೆ ಪಾತ್ರೆ ಇಟ್ಟುಕೊಂಡವರನ್ನೂ ನೋಡಿದೆ. ನಮ್ಮ ಚೀಫ್ ಎಂಜಿನಿಯರ್ ನೋಡಿದ್ದರೆ ಅಲ್ಲೇ ಕುಸಿದು ಬೀಳುತ್ತಿದ್ದರು. ಆದರೂ ಆ ದೋಣಿಗಳು ದಿನಾ ಹೋಗುತ್ತವೆ, ದಿನಾ ಬರುತ್ತವೆ.

ಬಣ್ಣ ಬಣ್ಣದ ಹಾಯಿಯ ಚಿತ್ರಗಳನ್ನು ನೋಡಿರುತ್ತೀರಿ. ಅದು ವಿಂಟಾ. ಸಾಮಾ, ಬಜಾವ್ ಜನರ ದೋಣಿ. ಈಗ ಅದು ಜಾಸ್ತಿ ಕಾಣುವುದು ಅಕ್ಟೋಬರ್ ಹಬ್ಬದ ಪಂದ್ಯದಲ್ಲಿ. ನೀವು ಹೋಗುವ ಸಮಯ ಸರಿಯಾಗಿದೆ.

ಜನರ ವಿಷಯ. ಫಿಟ್ಟರ್ ತನ್ನ ಹೆಂಡತಿ ಜೊತೆ ಚವಾಕಾನೊ ಮಾತಾಡುತ್ತಿದ್ದ, ನೀವು ಕೇಳಿದ ಸ್ಪ್ಯಾನಿಷ್ ಥರದ ಭಾಷೆ ಅದೇ. ಪಕ್ಕದ ಮನೆ ಅಜ್ಜನ ಜೊತೆ ಸುಲು ಕಡೆಯ ತೌಸುಗ್. ಬಡಗಿ ಜೊತೆ ಬಿಸಾಯ. ಟಿವಿ ಹಾಕಿದರೆ ತಗಾಲೊಗ್. ನನ್ನ ಜೊತೆ ಹಡಗಿನ ಇಂಗ್ಲಿಷ್. ವಿರಾಜಪೇಟೆ ಸಂತೆಯಲ್ಲಿ ಒಂದು ಕೆಜಿ ಮತ್ತಿ ಮೀನು ತಗೊಳ್ಳುವಷ್ಟರಲ್ಲಿ ಕೊಡವ ತಕ್ಕ್, ಮಲೆಯಾಳ, ಕನ್ನಡ ಮೂರೂ ಆಗಿಹೋಗುತ್ತದಲ್ವಾ, ಹಾಗೆಯೇ. ಚವಾಕಾನೊದ ಪದಗಳು ಹೆಚ್ಚುಪಾಲು ಸ್ಪ್ಯಾನಿಷ್, ವಾಕ್ಯ ಕಟ್ಟುವ ರೀತಿ ಅಲ್ಲಿನದು. ಕ್ರಿಯಾಪದಕ್ಕೆ ನಾನು, ನೀನು, ಅವಳು ಅಂತ ಬೇರೆ ಬೇರೆ ರೂಪ ಇಲ್ಲ. ಮುಂದೆ ಒಂದು ಸಣ್ಣ ಪದ ಸೇರಿಸಿದರೆ ಕಾಲ ಬದಲಾಗುತ್ತದೆ. ಎಂಜಿನ್ ರೂಮಿನ ಸದ್ದಿನಲ್ಲಿ ಕೂಗಿ ಮಾತಾಡುವುದಕ್ಕೆ ಇದಕ್ಕಿಂತ ಒಳ್ಳೇ ಭಾಷೆ ಇಲ್ಲ. 'ಯಾ ಕೋಮೆ ಯಾ ತೂ?' ಅಂತ ಒಂದು ಕಲಿತುಕೊಳ್ಳಿ. ಊಟ ಆಯ್ತಾ ಅಂತ. ಗೆಳತಿಯ ಅಜ್ಜಿಗೆ ಕೇಳಿ ನೋಡಿ, ಮದುಮಗಳನ್ನು ಬಿಟ್ಟು ನಿಮ್ಮನ್ನೇ ನೋಡಿಕೊಳ್ಳುತ್ತಾರೆ.

ಕೋಟೆಯ ಕಥೆ ನಮ್ಮ ಮೇಷ್ಟ್ರು ಹೇಳಲಿ. ಈ ಗುಂಪಿನಲ್ಲಿ ಇಸವಿ ಹೇಳುವ ಕೆಲಸ ಅವರದ್ದು.

ಬೆಟ್ಟದ ಮೇಷ್ಟ್ರು (ವಿರಾಜಪೇಟೆ):

ಕರೆದದ್ದಕ್ಕೆ ಬಂದೆ. ಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು, ಇಸವಿ ಜಾಸ್ತಿ ಆದರೆ ಬೈಯಬೇಡಿ.

ಆ ಕೋಟೆಗೆ ಸ್ಪೇನ್‌ನವರು ಅಡಿಗಲ್ಲು ಹಾಕಿದ್ದು 1635ರ ಜೂನ್ 23ಕ್ಕೆ. ನಕ್ಷೆ ಮಾಡಿ ಕಟ್ಟಿಸಿದವರು ಮೆಲ್ಚೊರ್ ದೆ ವೆರಾ ಅನ್ನುವ ಜೆಸ್ಯೂಟ್ ಪಾದ್ರಿ. ಕಾರಣ ಸರಳ. ಮಿಂಡನಾವೋದಲ್ಲಿ ಸುಲ್ತಾನ್ ಕುದಾರತ್, ಜೋಲೋದಲ್ಲಿ ಸುಲು ಸುಲ್ತಾನ, ಇಬ್ಬರೂ ಸ್ಪೇನ್‌ಗೆ ಬಗ್ಗಲಿಲ್ಲ. ಅವರ ಕಡೆಯ ದೋಣಿಗಳು ಉತ್ತರದ ದ್ವೀಪಗಳ ಮೇಲೆ ದಾಳಿ ಮಾಡಿ ಜನರನ್ನು ಹಿಡಿದೊಯ್ಯುತ್ತಿದ್ದವು. ಅವು ಹೋಗಿ ಬರುವ ದಾರಿಯ ಬಾಯಲ್ಲೇ ಫಿರಂಗಿ ಇಟ್ಟರು. ಇಲ್ಲಿಂದಲೇ 1637ರಲ್ಲಿ ಕುದಾರತ್ ಮೇಲೆ, ಮರುವರ್ಷ ಜೋಲೋ ಮೇಲೆ ಗವರ್ನರ್ ಕೊರ್ಕುವೆರಾ ದಂಡೆತ್ತಿ ಹೋದ.

ಕೋಟೆ ಕಟ್ಟಲು ಬೇರೆ ಬೇರೆ ದ್ವೀಪಗಳ ಕೂಲಿಗಳು ಬಂದರು. ಕಾವಲಿಗೆ ಬಂದ ಸೈನಿಕರಲ್ಲಿ ಮೆಕ್ಸಿಕೋದವರೂ ಇದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು, ಕೆಲಸ ಮಾತ್ರ ಒಟ್ಟಿಗೇ ಆಗಬೇಕು. ಹುಡುಗಿ ಕೇಳಿದ ಭಾಷೆಯ ಬೇರು ಇಂಥ ಕಡೆ ಇದೆ.

ನನಗೆ ಇಷ್ಟವಾದ ಭಾಗ ಇದರ ನಂತರದ್ದು. 1662ರಲ್ಲಿ ಕೊಕ್ಸಿಂಗಾ ಅನ್ನುವ ಚೀನೀ ಸೇನಾಪತಿ ತೈವಾನ್‌ನಿಂದ ಡಚ್ಚರನ್ನು ಓಡಿಸಿದ. ಮುಂದಿನ ಸರದಿ ನಿಮ್ಮದು, ಕಪ್ಪ ಕೊಡಿ ಅಂತ ಮನಿಲಾಕ್ಕೆ ಹೇಳಿ ಕಳಿಸಿದ. ಮನಿಲಾದವರು ಗಾಬರಿಯಾದರು. ದಕ್ಷಿಣದಲ್ಲಿದ್ದ ಸೈನ್ಯವನ್ನೆಲ್ಲ ವಾಪಸ್ ಕರೆಸಿಕೊಂಡರು. ಆದರೆ ಕೊಕ್ಸಿಂಗಾ ಅದೇ ವರ್ಷ ಜೂನ್‌ನಲ್ಲಿ ತೀರಿಕೊಂಡ! ದಾಳಿ ಆಗಲೇ ಇಲ್ಲ. ಆದರೂ ಜಾಂಬೊವಾಂಗಾ ಕೋಟೆ 1663ರಲ್ಲಿ ಖಾಲಿಯಾಯಿತು. ಸತ್ತ ಮನುಷ್ಯನಿಗೆ ಹೆದರಿ ಬಿಟ್ಟು ಹೋದ ಕೋಟೆ ಅಂತ ನಾನು ಮಕ್ಕಳಿಗೆ ಹೇಳುತ್ತಿದ್ದೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಾಗೇ ಬಿದ್ದಿತ್ತು. 1718ರಲ್ಲಿ ಗವರ್ನರ್ ಬುಸ್ತಮಾಂತೆಯ ಆಜ್ಞೆಯಂತೆ ಮತ್ತೆ ಕಟ್ಟಿದರು. ಈಗಿನ ಪಿಲಾರ್ ಮಾತೆಯ (ಮೇರಿ ಮಾತೆಯ ಒಂದು ರೂಪ) ಹೆಸರು ಬಂದದ್ದು ಆಗಲೇ.

ನಮ್ಮ ಕಡೆಗೆ ಹೊಂದಿಕೊಳ್ಳುವ ಒಂದು ಸಂಗತಿ ಇದೆ. 1798ರ ಜನವರಿಯಲ್ಲಿ ಸಿಬಿಲ್, ಫಾಕ್ಸ್ ಅನ್ನುವ ಎರಡು ಬ್ರಿಟಿಷ್ ಯುದ್ಧನೌಕೆಗಳು ಫ್ರೆಂಚ್ ಹಡಗುಗಳ ವೇಷ ಹಾಕಿ ಮನಿಲಾ ಕೊಲ್ಲಿಗೆ ನುಗ್ಗಿ, ಕೆಲವು ದೋಣಿ ಹಿಡಿದುಕೊಂಡು, ಅಲ್ಲಿಂದ ಜಾಂಬೊವಾಂಗಾಕ್ಕೆ ಬಂದವು. ಕೋಟೆಯವರು ಮೋಸ ಹೋಗಲಿಲ್ಲ. ತೋಪು ಹಾರಿಸಿದರು, ದಡಕ್ಕೆ ಇಳಿಯಲು ನೋಡಿದವರನ್ನೂ ಓಡಿಸಿದರು. ಶ್ರೀರಂಗಪಟ್ಟಣ ಬಿದ್ದದ್ದು ಅದರ ಮರುವರ್ಷ. ಇಲ್ಲಿ ದೊಡ್ಡ ವೀರರಾಜೇಂದ್ರ ಬ್ರಿಟಿಷರ ಜೊತೆ ಸ್ನೇಹ ಮಾಡಿಕೊಂಡಿದ್ದ ಕಾಲ ಅದು. ಅಲ್ಲಿ ಅದೇ ಬ್ರಿಟಿಷರು ಬರಿಗೈಲಿ ವಾಪಸ್.

ನಡುವಿನದ್ದು ಬೇಗ ಹೇಳಿ ಮುಗಿಸುತ್ತೇನೆ. 1855ರಲ್ಲಿ ಬಂದರನ್ನು ಹೊರದೇಶದ ವ್ಯಾಪಾರಕ್ಕೆ ತೆರೆದರು. 1898ರ ಕೊನೆಯಲ್ಲಿ ಸ್ಪೇನ್ ಇಡೀ ಫಿಲಿಪ್ಪೀನ್ಸನ್ನು 2 ಕೋಟಿ ಡಾಲರ್‌ಗೆ ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಆದರೆ ಜಾಂಬೊವಾಂಗಾದವರು ಅಮೆರಿಕ ಬರುವ ತನಕ ಕಾಯಲಿಲ್ಲ. 1899ರ ಮೇ ತಿಂಗಳಲ್ಲಿ ವಿಸೆಂತೆ ಅಲ್ವಾರೆಜ್ ನೇತೃತ್ವದಲ್ಲಿ ಕೋಟೆ ಹಿಡಿದು, ಸ್ಪೇನ್‌ನವರನ್ನು ಹಡಗು ಹತ್ತಿಸಿ, ತಮ್ಮದೇ ಗಣರಾಜ್ಯ ಅಂತ ಸಾರಿದರು. ಆಮೇಲೆ ಒಳಜಗಳ ಶುರುವಾಯಿತು. ಮಿದೆಲ್ ಅನ್ನುವ ಇನ್ನೊಬ್ಬ ನಾಯಕ ಅಮೆರಿಕನ್ನರ ಜೊತೆ ಸೇರಿದ. ನವೆಂಬರ್‌ನಲ್ಲಿ ಅವರು ಬಂದಿಳಿದರು. ಗಣರಾಜ್ಯದ ಹೆಸರು ಮಾತ್ರ 1903ರ ತನಕ ಎಳೆದುಕೊಂಡು ಹೋಯಿತು. ಆಮೇಲೆ ಈ ಊರು ಅಮೆರಿಕನ್ನರ ಮೋರೋ ಪ್ರಾಂತ್ಯದ ರಾಜಧಾನಿ. ಮೋರೋ ಅಂದರೆ ಅಲ್ಲಿನ ದಕ್ಷಿಣದ ಮುಸ್ಲಿಮರು. ಕೊನೆಯ ಮಿಲಿಟರಿ ಗವರ್ನರ್ ಜಾನ್ ಪರ್ಶಿಂಗ್. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ನಡೆಸಿದ ಅದೇ ಪರ್ಶಿಂಗ್. ಊರ ನಡುವಿನ ಚೌಕಕ್ಕೆ ಈಗಲೂ ಅವನ ಹೆಸರು. ಪಕ್ಕದ ಸಿಟಿ ಹಾಲ್ ಕಟ್ಟಡ ಕೂಡ ಆ ಪ್ರಾಂತ್ಯದ ಗವರ್ನರ್‌ಗಾಗಿಯೇ ಕಟ್ಟಿದ್ದು, ಮುಗಿದದ್ದು 1907ರಲ್ಲಿ.

ನಗರ ಅಂತ ಸನದು ಸಿಕ್ಕಿದ್ದು 1936ರ ಅಕ್ಟೋಬರ್ 12ಕ್ಕೆ. ಅದು ಪಿಲಾರ್ ಮಾತೆಯ ಹಬ್ಬದ ದಿನವೇ. 1942ರಲ್ಲಿ ಜಪಾನಿಯರು ಬಂದರು, 1945ರ ಮಾರ್ಚ್‌ನಲ್ಲಿ ಅಮೆರಿಕನ್ನರು ವಾಪಸ್ ಇಳಿದರು.

ಇನ್ನೊಂದು. ಮುಸ್ಲಿಮ್ ಮಿಂಡನಾವೋ ಸ್ವಾಯತ್ತ ಪ್ರದೇಶ ಮಾಡುವಾಗ 1989ರಲ್ಲಿ ಜನಮತ ಕೇಳಿದರು. 2001ರಲ್ಲಿ ಮತ್ತೆ ಕೇಳಿದರು. ಎರಡು ಸಲವೂ ಈ ನಗರ ಸೇರುವುದಿಲ್ಲ ಅಂದಿತು. ಒಂದು ಕಾಲದ ಮೋರೋ ಪ್ರಾಂತ್ಯದ ರಾಜಧಾನಿ ಇದು ಅಂತ ನೆನಪಿಟ್ಟುಕೊಂಡು ಓದಿ. 1956ರ ತನಕ ನಮ್ಮದೇ ರಾಜ್ಯ ಇತ್ತು ಅಂತ ಇವತ್ತಿಗೂ ಚಹಾದಂಗಡಿಯಲ್ಲಿ ವಾದ ಮಾಡುವ ನಮಗೆ ಇಂಥ ಹಠ ಹೊಸದೇನಲ್ಲ.

ಪೊನ್ನಂಪೇಟೆ ಹುಡುಗಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. 'ಹೆದರಿ ಓಡಿದ ಕೋಟೆ' ಕೇಳಿ ನಕ್ಕರು. ಆದರೆ ಕೊನೆಗೆ ಕೇಳಿದ್ದು ಒಂದೇ, 'ಈಗ ಹೇಗಿದೆ?' ಎಂಜಿನ್ ರೂಮ್ ಅಂಕಲ್, ಅಪಾಯದ ವಿಷಯ ಆಮೇಲೆ ಅಂದಿದ್ದಿರಿ. ಈಗ ಹೇಳಿ, ಅಮ್ಮ ಪಕ್ಕದಲ್ಲೇ ಕೂತಿದ್ದಾರೆ.

ಊಟದ್ದೂ ಹೇಳಿ. ದನದ ಮಾಂಸ ತಿನ್ನುವುದಿಲ್ಲ. ಹಂದಿ, ಕೋಳಿ, ಮೀನು, ನಳ್ಳಿ ಯಾವುದಕ್ಕೂ ತಕರಾರಿಲ್ಲ.

ಹಳೇ ಎಂಜಿನ್ ರೂಮ್ (ಸೋಮವಾರಪೇಟೆ):

ಅಮ್ಮನಿಗೆ ನಮಸ್ಕಾರ. ನೇರವಾಗಿ ಹೇಳುತ್ತೇನೆ.

ನೀವು ಮೊಬೈಲ್‌ನಲ್ಲಿ ನೋಡಿದ್ದು ಸುಳ್ಳಲ್ಲ. 2013ರ ಸೆಪ್ಟೆಂಬರ್ 9ರಂದು ಎಂಎನ್ಎಲ್ಎಫ್ (ಮೋರೋ ನ್ಯಾಷನಲ್ ಲಿಬರೇಶನ್ ಫ್ರಂಟ್) ಅನ್ನುವ ಬಂಡಾಯ ಸಂಘಟನೆಯ ನೂರ್ ಮಿಸುವಾರಿ ಬಣದವರು ಆಯುಧ ಹಿಡಿದು ಸಮುದ್ರದ ಕಡೆಯಿಂದ ಊರೊಳಗೆ ಬಂದರು. ಸಿಟಿ ಹಾಲ್ ಮೇಲೆ ತಮ್ಮ ಬಾವುಟ ಹಾರಿಸುವುದು ಅವರ ಉದ್ದೇಶ. ಸೈನ್ಯ ತಡೆಯಿತು. ಊರ ಜನರನ್ನೇ ಒತ್ತೆ ಇಟ್ಟುಕೊಂಡರು. ಕಾದಾಟ ಹತ್ತಿರ ಹತ್ತಿರ ಮೂರು ವಾರ ನಡೆಯಿತು. 1 ಲಕ್ಷಕ್ಕಿಂತ ಜಾಸ್ತಿ ಜನ ಮನೆ ಬಿಟ್ಟರು. ಸಾಂತಾ ಬಾರ್ಬರಾ, ಸಾಂತಾ ಕತಲಿನಾ, ರಿಯೊ ಹೊಂಡೊ ಬಡಾವಣೆಗಳು ಸುಟ್ಟುಹೋದವು, ಸುಮಾರು 10,000 ಮನೆ. ಎಷ್ಟೋ ಕುಟುಂಬಗಳು ಕ್ರೀಡಾಂಗಣದಲ್ಲಿ ಟಾರ್ಪಾಲು ಕಟ್ಟಿಕೊಂಡು ಬಹಳ ಕಾಲ ಬದುಕಿದವು. ಅದಕ್ಕೂ ಮುಂಚಿನ ವರ್ಷಗಳಲ್ಲಿ ಅಬು ಸಯ್ಯಾಫ್ ಅನ್ನುವ ಉಗ್ರರ ಗುಂಪಿನ ಅಪಹರಣಗಳು ಬೇರೆ.

ರಿಯೊ ಹೊಂಡೊ ಅನ್ನುವುದು ನೀರಿನ ಮೇಲೆ ಕಂಬ ನೆಟ್ಟು ಮನೆ ಕಟ್ಟಿದ ಕೇರಿ. ಕೋಟೆಯಿಂದ ನಡೆದು ಹೋಗುವಷ್ಟೇ ದೂರ. ಮನೆಯಿಂದ ಮನೆಗೆ ಹಲಗೆಯ ಕಾಲುದಾರಿ. ಫಿಟ್ಟರ್‌ನ ಹೆಂಡತಿಯ ಗೆಳತಿಯ ಮನೆ ಅಲ್ಲಿತ್ತು. ಬೆಂಕಿಗಿಂತ ಮುಂಚೆ ಒಂದು ಸಲ ಕರೆದುಕೊಂಡು ಹೋಗಿದ್ದರು. ಹಲಗೆಯ ಸಂದಿನಲ್ಲಿ ಕೆಳಗೆ ನೀರು ಕಾಣುತ್ತಿತ್ತು. ಮಕ್ಕಳು ಅದೇ ಹಲಗೆಯ ಮೇಲೆ ಸೈಕಲ್ ಹೊಡೆಯುತ್ತಿದ್ದರು. ಆಮೇಲೆ ಹೋದಾಗ ಆ ಜಾಗದಲ್ಲಿ ಸರ್ಕಾರ ಕಟ್ಟಿದ ಒಂದೇ ಥರದ ಮನೆಗಳ ಸಾಲು. ಹಳೇ ಗೆಳತಿ ಅಲ್ಲಿರಲಿಲ್ಲ, ದೂರದ ಬಡಾವಣೆಗೆ ಕಳಿಸಿದ್ದರು. ಸಮುದ್ರದಲ್ಲಿ ಬದುಕಿದವರನ್ನು ಒಳನಾಡಿಗೆ ತಂದು ಕೂರಿಸಿದರೆ ಹೊಟ್ಟೆಪಾಡಿಗೆ ಏನು ಮಾಡಬೇಕು? ಈ ಪ್ರಶ್ನೆಗೆ ಅಲ್ಲಿ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. ಕಾದಾಟದ ಸುದ್ದಿ ಎಲ್ಲ ಕಡೆ ಬಂತು, ಇದು ಬರಲಿಲ್ಲ. ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೇ.

ಈಗ ಹೋಗಬಹುದಾ? ಹೋಗಬಹುದು ಅಂತ ನನ್ನ ಅಭಿಪ್ರಾಯ, ಷರತ್ತು ಹಾಕಿ. ಹಲವು ದೇಶಗಳು ತಮ್ಮ ಜನರಿಗೆ ಆ ಕಡೆ ಹೋಗಬೇಡಿ ಅಂತಲೇ ಹೇಳುತ್ತವೆ. ಟಿಕೆಟ್ ಮಾಡುವ ಮುಂಚೆ ಮನಿಲಾದ ಭಾರತೀಯ ರಾಯಭಾರ ಕಚೇರಿ ಏನು ಹೇಳುತ್ತದೆ ನೋಡಿ. ಟ್ರಾವೆಲ್ ಇನ್ಶೂರೆನ್ಸ್ ಈ ಊರಿಗೆ ಅನ್ವಯ ಆಗುತ್ತದಾ ಅಂತ ಸಣ್ಣ ಅಕ್ಷರ ಓದಿ. ಮನಿಲಾದಿಂದ ವಿಮಾನದಲ್ಲೇ ಹೋಗಿ. ನಿಲ್ದಾಣ ಊರೊಳಗೇ ಇದೆ, ಗೆಳತಿಯ ಮನೆಯವರು ಬಂದು ಕರೆದುಕೊಂಡು ಹೋಗಲಿ. ಬಂದರಿನಲ್ಲಿ ದೋಣಿ ನೋಡಿ, ಹತ್ತಬೇಡಿ. ಬಸಿಲಾನ್, ಜೋಲೋ ಈ ಸಲ ಬೇಡ. ಸಂಜೆ ಆದ ಮೇಲೆ ಒಬ್ಬಳೇ ತಿರುಗುವುದು ಬೇಡ. ಅಲ್ಲಿ ಸುಮಾರು 10 ಲಕ್ಷ ಜನ ಇದ್ದಾರೆ, ಮಕ್ಕಳು ಶಾಲೆಗೆ ಹೋಗುತ್ತವೆ, ಮಾಲ್‌ನಲ್ಲಿ ಜನ ಐಸ್‌ಕ್ರೀಂ ತಿನ್ನುತ್ತಾರೆ. ಮಾಲ್ ಬಾಗಿಲಲ್ಲಿ ಬ್ಯಾಗ್ ಬಿಚ್ಚಿ ನೋಡುತ್ತಾರೆ, ಬೇಸರ ಮಾಡಿಕೊಳ್ಳಬೇಡಿ.

ಈಗ ಊಟ. ನಳ್ಳಿ ತಿನ್ನುವವರು ಅಂದ ಮೇಲೆ ನಿಮಗೆ ಅಲ್ಲಿ ಸ್ವರ್ಗ. ಕುರಾಚಾ ಅಂತ ಒಂದು ಸಮುದ್ರದ ಏಡಿ. ಬೇಯಿಸುವ ಮುಂಚೆಯೇ ಕೆಂಪಗಿರುತ್ತದೆ. ನಮ್ಮ ಮಳೆಗಾಲದ ಗದ್ದೆ ನಳ್ಳಿಯಲ್ಲಿ ಕಾಲು ಜಗಿದು ರಸ ಹೀರುವುದೇ ಕೆಲಸ ಅಲ್ವಾ? ಇದರಲ್ಲಿ ಮಾಂಸ ಇರುವುದು ಮೈಯಲ್ಲಿ, ಕೈತುಂಬ. ತೆಂಗಿನ ಹಾಲು, ಮಸಾಲೆ ಹಾಕಿದ ದಪ್ಪ ಗ್ರೇವಿ. ಸ್ವಲ್ಪ ಸಿಹಿ ಜಾಸ್ತಿ. ನಮ್ಮ ಕಾಚಂಪುಳಿಯ ಹುಳಿ ಒಂದು ತೊಟ್ಟು ಬಿದ್ದಿದ್ದರೆ ಅನ್ನಿಸಿತು. ಮನೆಯಿಂದ ಒಂದು ಸಣ್ಣ ಬಾಟಲಿ ಹಿಡಿದುಕೊಂಡು ಹೋಗಿ ನೋಡಿ, ಗೆಳತಿಯ ಅಡುಗೆಮನೆಯಲ್ಲಿ ಜಗಳ ಆದರೆ ನಾನು ಜವಾಬ್ದಾರನಲ್ಲ.

ಬೆಳಗಿನ ತಿಂಡಿಗೆ ಸಟ್ಟಿ. ಸಣ್ಣ ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸದ ತುಂಡು, ಬಟ್ಟಲು ತುಂಬ ಖಾರದ ಕೆಂಪು ಸಾರು, ಅದರೊಳಗೆ ತೆಂಗಿನ ಗರಿಯಲ್ಲಿ ಕಟ್ಟಿ ಬೇಯಿಸಿದ ಅನ್ನದ ತುಂಡುಗಳು. ತೌಸುಗ್ ಜನರ ತಿಂಡಿ ಇದು, ಈಗ ಊರಿಗೆಲ್ಲ ಬೇಕು. ದನದ್ದು, ಕೋಳಿಯದ್ದು ಎರಡೂ ಇರುತ್ತದೆ, ಕೇಳಿ ತಗೊಳ್ಳಿ. ಮುಸ್ಲಿಮರ ಅಂಗಡಿಗಳಲ್ಲಿ ಹಂದಿ ಸಿಗುವುದಿಲ್ಲ, ಪಂದಿ ಕರಿ ನೆನಪಾದರೆ ಮದುವೆ ಮನೆಗೇ ಕಾಯಿರಿ.

ನೋಡುವುದು ಅಂದರೆ ಮೂರು ಜಾಗ ಬಿಡಬೇಡಿ. ಪಿಲಾರ್ ಕೋಟೆಗೆ ಸಂಜೆ ಹೋಗಿ. ಒಳಗೆ ರಾಷ್ಟ್ರೀಯ ಮ್ಯೂಸಿಯಂ ಇದೆ, ಅದು ಬೇಗ ಮುಚ್ಚುತ್ತದೆ. ಹೊರಗೆ ಪೂರ್ವದ ಗೋಡೆಯಲ್ಲಿ ಮಾತೆಯ ಮೂರ್ತಿ. ಮೇಲೆ ಚಾವಣಿ ಇಲ್ಲ, ಬಯಲಲ್ಲೇ ಬೆಂಚು. ಸಮುದ್ರದ ಗಾಳಿಗೆ ಮೇಣದಬತ್ತಿ ಆರುತ್ತಲೇ ಇರುತ್ತದೆ, ಜನ ಮತ್ತೆ ಮತ್ತೆ ಹಚ್ಚುತ್ತಲೇ ಇರುತ್ತಾರೆ. ಮುಸ್ಲಿಮರೂ ಬಂದು ಹರಕೆ ಹೇಳಿಕೊಳ್ಳುತ್ತಾರೆ ಅಂತ ಫಿಟ್ಟರ್ ಹೇಳಿದ.

ಇನ್ನೊಂದು ಯಾಕನ್ ನೇಯ್ಗೆಯವರ ಕೇರಿ, ಊರಿಂದ ಪಶ್ಚಿಮಕ್ಕೆ. ಯಾಕನ್ ಜನರ ಮೂಲ ಬಸಿಲಾನ್. 1970ರ ದಶಕದ ಗಲಾಟೆಯಲ್ಲಿ ಊರು ಬಿಟ್ಟು ಈ ಕಡೆ ಬಂದವರು. ಹೆಂಗಸು ನೆಲದ ಮೇಲೆ ಕಾಲು ಚಾಚಿ ಕೂರುತ್ತಾಳೆ. ಮಗ್ಗದ ಒಂದು ತುದಿ ಗೋಡೆಗೆ, ಇನ್ನೊಂದು ತುದಿ ಅವಳ ಸೊಂಟದ ಪಟ್ಟಿಗೆ. ಹಿಂದಕ್ಕೆ ವಾಲಿದರೆ ನೂಲು ಬಿಗಿ, ಮುಂದಕ್ಕೆ ಬಂದರೆ ಸಡಿಲ. ಮೈಯೇ ಮಗ್ಗ. ಹೆಬ್ಬಾವಿನ ಮೈಯ ಚೌಕ ಚೌಕದ ವಿನ್ಯಾಸ ಬರುತ್ತದೆ, ಬಣ್ಣ ಕಣ್ಣಿಗೆ ಹೊಡೆಯುತ್ತದೆ. ನಾನು ಒಂದು ಮೇಜಿನ ಬಟ್ಟೆ ತಂದೆ. ಚೌಕಾಸಿ ಮಾಡಬೇಡಿ, ಒಂದು ಗಳಿಗೆ ಅವರ ಪಕ್ಕ ಕೂತು ನೋಡಿದರೆ ನಿಮಗೇ ಮನಸ್ಸು ಬರುವುದಿಲ್ಲ.

ಗ್ರೇಟ್ ಸಾಂತಾ ಕ್ರೂಜ್ ದ್ವೀಪದ ಮರಳು ತಿಳಿ ಗುಲಾಬಿ. ಕೆಂಪು ಹವಳ ಪುಡಿಯಾಗಿ ಬಿಳಿ ಮರಳಿನ ಜೊತೆ ಬೆರೆತಿದೆ. ಸಿಟಿಯ ಟೂರಿಸಂ ಕಚೇರಿಯವರೇ ಅನುಮತಿ ಕೊಟ್ಟು ಕಳಿಸುತ್ತಾರೆ, ಕಾವಲು ಇರುತ್ತದೆ. ದೋಣಿ ಬೇಡ ಅಂದೆ, ಇದೊಂದಕ್ಕೆ ವಿನಾಯಿತಿ. ಮರಳು ಮಾತ್ರ ಜೇಬಿಗೆ ಹಾಕಿಕೊಳ್ಳಬೇಡಿ. ಸಮಯ ಉಳಿದರೆ ತಲುಕ್‌ಸಂಗೈ ಮಸೀದಿ, 1885ರದ್ದು, ಆ ಭಾಗದಲ್ಲೇ ಹಳೆಯದು. ಪಸೊನಾಂಕಾ ಪಾರ್ಕ್‌ನಲ್ಲಿ ಮರದ ಮೇಲೆ ಒಂದು ಮನೆ ಇದೆ, ಹೊಸ ಜೋಡಿಗಳಿಗೆ ಪ್ರಸಿದ್ಧ. ಅದು ನಿಮ್ಮ ಗೆಳತಿಗೆ ಬಿಟ್ಟದ್ದು.

ಗೋಣಿಕೊಪ್ಪ ಪ್ಲಾಂಟರ್:

ಸರಿ ಅಣ್ಣ, ಒಪ್ಪಿದೆ. ಆದರೆ ಒಂದು ಕೇಳ್ತೀನಿ. ಬರೀ ದೋಣಿ, ಕೋಟೆಯಿಂದ 10 ಲಕ್ಷ ಜನರ ಹೊಟ್ಟೆ ತುಂಬುತ್ತಾ? ಊರು ನಡೆಯುವುದು ಯಾವುದರಿಂದ?

ಹಳೇ ಎಂಜಿನ್ ರೂಮ್ (ಸೋಮವಾರಪೇಟೆ):

ಮತ್ತಿ ಮೀನಿನಿಂದ. ಫಿಲಿಪ್ಪೀನ್ಸ್‌ನ ಯಾವ ಅಂಗಡಿಗೆ ಹೋದರೂ ಟೊಮೆಟೊ ಸಾಸ್‌ನಲ್ಲಿ ಹಾಕಿದ ಸಾರ್ಡೀನ್ ಡಬ್ಬಿ ಇರುತ್ತದೆ. ಬಡವರ ಮನೆಯ ಸಾರು ಅದು. ಅದರಲ್ಲಿ ಹೆಚ್ಚುಪಾಲು ತುಂಬುವುದು ಜಾಂಬೊವಾಂಗಾದ ಕಾರ್ಖಾನೆಗಳಲ್ಲಿ. ಪಶ್ಚಿಮದ ಕರಾವಳಿ ರಸ್ತೆಯಲ್ಲಿ ಹೋದರೆ ಮೂಗೇ ಹೇಳುತ್ತದೆ.

ಮೀನು ಹಿಡಿದೂ ಹಿಡಿದೂ ಕಡಿಮೆಯಾಗತೊಡಗಿದಾಗ 2011ರಿಂದ ವರ್ಷಕ್ಕೆ ಮೂರು ತಿಂಗಳು ದೊಡ್ಡ ದೋಣಿಗಳು ಸಾರ್ಡೀನ್ ಹಿಡಿಯುವಂತಿಲ್ಲ ಅಂತ ಮಾಡಿದರು. ಮೀನು ಮೊಟ್ಟೆ ಇಡುವ ಕಾಲ. ಈಗ ಅದು ನವೆಂಬರ್ ಮಧ್ಯದಲ್ಲಿ ಶುರುವಾಗುತ್ತದೆ. ನಮ್ಮ ಮಂಗಳೂರಿನಲ್ಲಿ ಮಳೆಗಾಲಕ್ಕೆ ಬೋಟು ಕಟ್ಟಿ ಹಾಕುತ್ತಾರಲ್ಲ, ಅದೇ ಲೆಕ್ಕ. ಕಾರ್ಖಾನೆಯ ಮಾಲೀಕರೂ ಒಪ್ಪಿಕೊಂಡರು. ಕಷ್ಟ ಆಗುವುದು ಡಬ್ಬಿ ತುಂಬುವ ಹೆಂಗಸರಿಗೆ, ದಿನಗೂಲಿ ಅವರು. ಫಿಟ್ಟರ್‌ನ ತಂಗಿ ಆ ಮೂರು ತಿಂಗಳು ಮಾರ್ಕೆಟ್‌ನಲ್ಲಿ ಮಲೇಶಿಯಾದ ಬಿಸ್ಕೆಟ್ಟು, ಲುಂಗಿ ಮಾರುತ್ತಿದ್ದಳು. ಮಲೇಶಿಯಾದ ಸಬಾ ಕಡೆಯಿಂದ ಬರುವ ಸರಕಿಗೆ ಅಲ್ಲಿ ಬಾರ್ಟರ್ ಅಂತಲೇ ಹೆಸರು, ದುಡ್ಡು ಕೊಟ್ಟೇ ತಗೊಳ್ಳಬೇಕು.

ಪೊನ್ನಂಪೇಟೆ ಹುಡುಗಿ:

ಅಮ್ಮ ಅರ್ಧ ಒಪ್ಪಿದ್ದಾರೆ. 'ಹಬ್ಬ 12ಕ್ಕೆ, ಸಂಕ್ರಮಣ 17ಕ್ಕೆ. 15ರೊಳಗೆ ಮನೆಯಲ್ಲಿರಬೇಕು' ಅಂದರು. ಅಪ್ಪ ಮೊದಲಿನಿಂದಲೂ ಮಾತಾಡಿರಲಿಲ್ಲ, ಈಗ ಕುರಾಚಾ ಕೆಜಿಗೆ ಎಷ್ಟು ಅಂತ ಕೇಳುತ್ತಿದ್ದಾರೆ.

ವೀಸಾ ಹೇಗೆ? ಮತ್ತೆ, ಉಡುಗೊರೆಗೆ ನಮ್ಮ ತೋಟದ ಕಾಫಿ ಕೊಡೋಣ ಅಂತಿದ್ದೇನೆ. ಗೆಳತಿಯ ಅಪ್ಪನಿಗೆ ಒಂದೆರಡು ಕಾಫಿ ಗಿಡ ಬೇಕಂತೆ, ಹಿತ್ತಲಲ್ಲಿ ನೆಡಲು.

ಹಳೇ ಎಂಜಿನ್ ರೂಮ್ (ಸೋಮವಾರಪೇಟೆ):

2025ರ ಜೂನ್‌ನಿಂದ ಪ್ರವಾಸಕ್ಕೆ ಹೋಗುವ ಭಾರತೀಯರಿಗೆ 14 ದಿನ ವೀಸಾ ಬೇಡ ಅಂತ ಮಾಡಿದ್ದಾರೆ. ವಾಪಸ್ ಟಿಕೆಟ್, ಉಳಿಯುವ ಜಾಗದ ಕಾಗದ, ಕೈಯಲ್ಲಿ ದುಡ್ಡು ತೋರಿಸಬೇಕು. 14 ದಾಟಿ ಒಂದು ದಿನವೂ ವಿಸ್ತರಣೆ ಇಲ್ಲ. ಹೊರಡುವ ಮುಂಚೆ ನಿಯಮ ಬದಲಾಗಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಗಿಡ ಬೇಡವೇ ಬೇಡ. ಬಿತ್ತನೆ ಬೀಜವೂ ಬೇಡ. ಗಿಡದ ಜೊತೆ ರೋಗ, ಹುಳ ಎರಡೂ ಪ್ರಯಾಣ ಮಾಡುತ್ತವೆ, ಏರ್‌ಪೋರ್ಟ್‌ನಲ್ಲಿ ಕಿತ್ತುಕೊಳ್ಳುತ್ತಾರೆ. ಕಾಫಿ ಹಣ್ಣು ಕೊರೆಯುವ ಬೆರಿ ಬೋರರ್ ಹುಳ ಏನು ಮಾಡುತ್ತದೆ ಅಂತ ಪೊನ್ನಂಪೇಟೆಯವರಿಗೆ ನಾನು ಹೇಳಬೇಕಾ? ಅವರ ಮಿಂಡನಾವೋದಲ್ಲೇ ರೊಬಸ್ಟಾ ಬೇಕಾದಷ್ಟು ಬೆಳೆಯುತ್ತದೆ. ಸುಲ್ತಾನ್ ಕುದಾರತ್ ಅಂತ ಒಂದು ಪ್ರಾಂತ್ಯವೇ ಇದೆ, ಮೇಷ್ಟ್ರು ಹೇಳಿದ ಅದೇ ಸುಲ್ತಾನನ ಹೆಸರು, ಕಾಫಿಗೆ ಅದು ದೊಡ್ಡ ಜಾಗ. ಗಿಡ ಅಲ್ಲಿಂದಲೇ ತರಿಸಿಕೊಳ್ಳಲಿ.

ಹುರಿದ ಪುಡಿ ತಗೊಂಡು ಹೋಗಿ. ಪ್ಯಾಕ್ ಮಾಡಿ ಲೇಬಲ್ ಇರಲಿ. ಜೊತೆಗೆ ಒಂದು ಸ್ಟೀಲ್ ಫಿಲ್ಟರ್ ಕೂಡ ಇಡಿ, ಇಲ್ಲದಿದ್ದರೆ ನಮ್ಮ ಪುಡಿಯನ್ನು ನೇರ ಬಿಸಿನೀರಿಗೆ ಹಾಕಿ ಕಲಕಿ ಕುಡಿಯುತ್ತಾರೆ. ಚಿಕೋರಿ ಹಾಕಿಸಬೇಡಿ.

ಗೋಣಿಕೊಪ್ಪ ಪ್ಲಾಂಟರ್:

ಚಿಕೋರಿ ಹಾಕಿಸಿ. ಡಿಕಾಕ್ಷನ್ ದಪ್ಪ ಬರಬೇಕಲ್ವಾ?

ಹಳೇ ಎಂಜಿನ್ ರೂಮ್ (ಸೋಮವಾರಪೇಟೆ):

ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿಗೆ ಬರುತ್ತೇನೆ.